ಭುಜದ ಮೂಳೆ ಸರಿಯಾಗಿ ಕೂತಿದೆಯಾ?

ನಮ್ಮ ರೂಮ್‌ಮೇಟ್ ಜೇವರ್ಗಿ ಕಡೆಯ ಅಂದೋಲಾದವನು, ಕಬಡ್ಡಿ ರೈಡರ್. ಮೂರು ಸಲ ಭುಜ ಜಾರಿದ ಮೇಲೆ ಲಟಾರ್ಜೆ ಆಪರೇಷನ್ ಆಯ್ತು. "ಮತ್ತ ಆಡ್ಲಾಕ ಬರ್ತದೇನ್ ಸರ?" ಅಂದಿದ್ದಕ್ಕೆ ಡಾಕ್ಟರ್ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ಎಕ್ಸ್‌ರೇ ಸಾಲದಾ ಅಂತ ನಮಗೂ ಅನ್ನಿಸ್ತು.

ಭುಜದ ಕೀಲು ಅಂದ್ರೆ ಸಣ್ಣ ತಟ್ಟೆಗೆ ಆನಿಸಿದ ದೊಡ್ಡ ಚೆಂಡು. ಪದೇ ಪದೇ ಜಾರಿದರೆ ತಟ್ಟೆಯ ಮುಂದಿನ ಅಂಚು ಸವೆಯುತ್ತೆ. ಫ್ರಾನ್ಸಿನ ಸರ್ಜನ್ ಮಿಷೆಲ್ ಲಟಾರ್ಜೆ 1954ರಲ್ಲಿ ಕೊಟ್ಟ ಉಪಾಯ: ಪಕ್ಕದ ಕೊರಕಾಯ್ಡ್ ಮೂಳೆಯ ತುಂಡನ್ನು ಸ್ನಾಯು ಸಮೇತ ತಂದು ಆ ಅಂಚಿಗೆ ಸ್ಕ್ರೂ ಮಾಡೋದು. ಈಗ ಸಾಮಾನ್ಯವಾಗಿ ಎರಡು ಸ್ಕ್ರೂ ಹಾಕ್ತಾರೆ.

ತುಂಡು ತುಂಬಾ ಒಳಗೆ ಕೂತರೆ ಚೆಂಡಿಗೆ ತಡೆಯೇ ಇಲ್ಲ, ಭುಜ ಮತ್ತೆ ಜಾರಬಹುದು. ಹೊರಗೆ ಚಾಚಿದರೆ ಚೆಂಡು ಅದಕ್ಕೆ ಉಜ್ಜಿ ಉಜ್ಜಿ ಮುಂದೆ ಕೀಲೇ ಸವೆಯುತ್ತೆ. ವ್ಯತ್ಯಾಸ ಕೆಲವೇ ಮಿಲಿಮೀಟರ್!

ಫಸ್ಟ್ ಇಯರ್ ಗ್ರಾಫಿಕ್ಸ್‌ನಲ್ಲಿ ಬೈದುಕೊಂಡು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು: ಒಂದೇ ವ್ಯೂನಲ್ಲಿ ಆಳ ಗೊತ್ತಾಗಲ್ಲ. ಎಕ್ಸ್‌ರೇ ಅಂದ್ರೆ ನೆರಳು, ಮೂಳೆ ಮೇಲೆ ಮೂಳೆ ಬೀಳುತ್ತೆ. ಸಿಟಿಯ ಅಡ್ಡ ಸ್ಲೈಸ್ ತುಂಡು ಒಳಗಿದೆಯೋ ಹೊರಗಿದೆಯೋ ಹೇಳುತ್ತೆ, ಸ್ಕ್ರೂ ಕೋನವನ್ನೂ ತೋರಿಸುತ್ತೆ. ಎತ್ತರ ನೋಡೋಕೆ 3ಡಿ ಚಿತ್ರದಿಂದ ಚೆಂಡನ್ನು ಅಳಿಸಿ ತಟ್ಟೆಯನ್ನು ಎದುರಿಂದ ನೋಡ್ತಾರೆ. ಬಲ ಭುಜವಾದರೆ ತುಂಡು ಗಡಿಯಾರದ 3ರಿಂದ 5 ಗಂಟೆಯ ಜಾಗದಲ್ಲಿರಬೇಕು. ಸ್ಕ್ರೂ ಸುತ್ತ ಮಾತ್ರ ಲೋಹದ ಗೆರೆಗಳು ಬಂದು ಚಿತ್ರ ಕೆಡುತ್ತೆ, ಬೆಸುಗೆ ಆಗಿದೆಯಾ ಅಂತ ಹೇಳೋದು ಅಲ್ಲೇ ಕಷ್ಟ.

ನಮ್ಮವನ ತುಂಡು ಸರಿಯಾದ ಜಾಗದಲ್ಲೇ ಇದೆ. ಆದರೆ ಮೂಳೆ ಇನ್ನೂ ಪೂರ್ತಿ ಬೆಸೆದಿಲ್ಲ. ಹಾಗಾಗಿ ಈ ಸಲದ ಟೂರ್ನಮೆಂಟ್‌ನಲ್ಲಿ ಅವನು ಸ್ಕೋರರ್.