ಮುಂದಿನ ತಿಂಗಳ ಮತ್ತ ಬರ್ರಿ

ಬೆಳಗಾವಿಯ ರವಿವಾರ ಪೇಟೆಯಲ್ಲಿ ಹೊತ್ತು ಏರಿದ್ದು ಮೊದಲು ಮೂಗಿಗೆ ಗೊತ್ತಾಗುತ್ತದೆ. ಲಾರಿಯ ಹಿಂದಿನ ಹಲಗೆ ಕಳಚಿ ಒಣಮೆಣಸಿನಕಾಯಿ ಚೀಲ ಇಳಿಸತೊಡಗಿದರೆಂದರೆ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಸೀನು. ಹಮಾಲರು ಬೆನ್ನು ಬಾಗಿಸಿ ಚೀಲ ಹೊತ್ತು ಒಳಗೆ ಹೋಗುತ್ತಾರೆ, ಬರಿಗೈಲಿ ಹೊರಗೆ ಬರುತ್ತಾರೆ, ಮತ್ತೆ ಬೆನ್ನು ಕೊಡುತ್ತಾರೆ. ಕೈಗಾಡಿಯವನ 'ಹಾದಿ ಬಿಡ್ರೀ' ಎಂಬ ಕೂಗಿಗೆ ಸ್ಕೂಟರಿನವರು ಅಂಗಡಿಯ ಕಟ್ಟೆಗೆ ಒತ್ತಿ ನಿಲ್ಲುತ್ತಾರೆ. ಖಡೇಬಜಾರಿನ ಬಟ್ಟೆ ಅಂಗಡಿಗಳು ಇನ್ನೂ ಬಾಗಿಲು ತೆರೆದಿರುವುದಿಲ್ಲ, ಇಲ್ಲಿ ಆಗಲೇ ಒಂದು ಸುತ್ತು ವ್ಯಾಪಾರ ಮುಗಿದಿರುತ್ತದೆ. ದರ ಕುದುರುವುದು ಮರಾಠಿಯಲ್ಲಿ, ಚೀಲ ಎಣಿಸುವುದು ಕನ್ನಡದಲ್ಲಿ, ಲಾರಿ ಡ್ರೈವರನ ಜೊತೆ ಮಾತು ಉರ್ದುವಿನಲ್ಲಿ. ಮೂರೂ ಒಂದೇ ಬಾಯಲ್ಲಿ.

ಈ ಪೇಟೆ ನಡೆಯುವುದು ಕಣ್ಣಿನ ಮೇಲೆ. ಸಾಹುಕಾರರು ಚೀಲದ ಮೂಲೆ ಬಿಚ್ಚಿ ಒಂದು ಹಿಡಿ ಮೆಣಸಿನಕಾಯಿ ಹೊರಗೆ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಸುಕ್ಕುಗಟ್ಟಿ ಕಡುಗೆಂಪಾಗಿದ್ದರೆ ಬ್ಯಾಡಗಿ, ಇದು ಸಂಕೇಶ್ವರದ್ದು, ಇದು ಕಳೆದ ವರ್ಷದ ದಾಸ್ತಾನು, ಇದಕ್ಕೆ ನೀರು ತಾಗಿದೆ. ಬೆಲ್ಲದ ಪೆಂಟೆಯ ಬಣ್ಣ, ಅಕ್ಕಿಯಲ್ಲಿ ನುಚ್ಚೆಷ್ಟು, ಗೋಡಂಬಿಯ ತುಂಡೆಷ್ಟು, ಎಲ್ಲ ಒಂದು ನೋಟದ ಲೆಕ್ಕ. ಈ ಸೂಕ್ಷ್ಮವನ್ನೆಲ್ಲ ನೋಡಿಕೊಡುವುದು ಕಣ್ಣಿನ ಹಿಂಭಾಗದ ಪಡದೆಯ ನಟ್ಟನಡುವಿನ ಒಂದು ಕುಳಿ. ಅಕ್ಷಿಪಟಲ ಎಂದು ಪುಸ್ತಕಗಳು ಕರೆಯುವ ಈ ಪಡದೆಯಲ್ಲಿ ಆ ಕುಳಿಯ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಅಂಗಡಿಯ ಕಟ್ಟೆಯ ಮೇಲೆ ಚೆಲ್ಲಿದ ಸಾಸಿವೆ ಕಾಳಿನಷ್ಟು.

ಆ ಜಾಗದಲ್ಲಿ ಬಾವು ಬಂದರೆ ಮೊದಲು ಕೆಡುವುದು ಖಾತೆಕಿರ್ದಿ. ಹದಿನೈದು ವರ್ಷದ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಗಾದಿಯ ಮೇಲೆ ಕುಳಿತು ಪುಟ ತಿರುವುತ್ತಾರೆ. ನೇರ ಗೆರೆ ನಡುವೆ ಸೊಟ್ಟಗಾಗಿ ಕಾಣುತ್ತದೆ, ಮೂರು ಎಂಟಾಗಿ ಕಾಣುತ್ತದೆ. ಚಾಳೀಸಿನ ನಂಬರು ಏರಿರಬೇಕು ಎಂದುಕೊಳ್ಳುತ್ತಾರೆ. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಒಳಗೆ ಆಗುತ್ತಿರುವುದು ಬೇರೆಯೇ. ಸಕ್ಕರೆಯ ಏರುಪೇರಿಗೆ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ನೀರು ಜಿನುಗುತ್ತದೆ, ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಆಮ್ಲಜನಕ ಸಿಗದ ಪಡದೆ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಆದರೆ ಅವು ಗಟ್ಟಿಯಾದವಲ್ಲ, ಒಡೆಯುತ್ತವೆ. ಒಂದು ದಿನ ಕಣ್ಣ ಮುಂದೆ ಕೂದಲೆಳೆ ತೇಲುತ್ತದೆ, ಸಂಜೆಯೊಳಗೆ ಹೊಗೆ ತುಂಬುತ್ತದೆ. ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಆ ಹೊಗೆ ಕಂಡ ಮೇಲೆಯೇ.

ಕಣ್ಣಾಸ್ಪತ್ರೆಯ ಪಡಸಾಲೆಯಲ್ಲಿ ಬೆಂಚುಗಳು ತುಂಬಿವೆ. ಸಿಸ್ಟರ್ ಒಬ್ಬರು ಸಾಲಾಗಿ ಹನಿ ಹಾಕುತ್ತ ಬರುತ್ತಾರೆ. "ಕಾಕಾ, ಅರ್ಧಾ ತಾಸ ಕಣ್ಣ ಮುಚ್ಚಿ ಕುಂದರ್ರಿ." ಪಕ್ಕದವರಿಗೆ ಅದೇ ಮಾತು ಮರಾಠಿಯಲ್ಲಿ. ಪಾಪೆ ಹಿಗ್ಗುವವರೆಗೆ ಎಲ್ಲರೂ ಕಣ್ಣು ಮುಚ್ಚಿ ಮಾತಾಡುತ್ತಾರೆ: ಕಬ್ಬಿನ ಬಿಲ್ಲು, ಮಗಳ ಮದುವೆ, ಜಾಂಬೋಟಿ ಬಸ್ಸಿನ ವೇಳೆ. ಖಾನಾಪುರದ ಕಡೆಯವರನ್ನು ಅವರ ಚೀಲದಿಂದಲೇ ಗುರುತಿಸಬಹುದು. ಬುತ್ತಿ, ಕೊಡೆ, ಒಂದು ಜೊತೆ ಬಟ್ಟೆ. ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ಇಲ್ಲೇ ಕಳೆಯಬೇಕೆಂದು ಗೊತ್ತಿದ್ದು ಬಂದವರು ಅವರು. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಹೇಳುವ ಒಂದು ಮಾತು ಅವರ ಮುಖ ಬಾಡಿಸುತ್ತದೆ. "ಮುಂದಿನ ತಿಂಗಳ ಮತ್ತ ಬರ್ರಿ." ಅದರ ಮುಂದಿನ ತಿಂಗಳೂ. ಆಮೇಲೂ.

ಉತ್ತರ ಕರ್ನಾಟಕದ ಜನಕ್ಕೆ ಕಣ್ಣಿನ ಚಿಕಿತ್ಸೆಯೆಂದರೆ ಒಂದು ದಿನದ ಕೆಲಸ ಎಂಬ ನಂಬಿಕೆ ಬೇರೂರಿದೆ. ಅದಕ್ಕೆ ಒಳ್ಳೆಯ ಕಾರಣವಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1943ರಿಂದ ಊರೂರಿಗೆ ಶಿಬಿರ ಒಯ್ದು, ಒಂದೇ ದಿನ 833 ಪೊರೆ (ಮೋತಿಬಿಂದು) ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದವರು. 1993ರ ಹೊತ್ತಿಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳ ಲೆಕ್ಕ ಆರು ಲಕ್ಷ ದಾಟಿತ್ತು. ಮನೆಮನೆಯಲ್ಲೂ ಒಬ್ಬ ಅಜ್ಜನೋ ಆಯಿಯೋ ಶಿಬಿರಕ್ಕೆ ಹೋಗಿ ದೃಷ್ಟಿ ತಂದುಕೊಂಡ ಕತೆ ಇದೆ. ಆ ಮಹಾಕಾರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮೋತಿಬಿಂದು ತೆಗೆದರೆ ಮುಗಿಯಿತು, ಪಡದೆಯ ರೋಗ ಹಾಗಲ್ಲ. ಅದು ರಕ್ತದೊತ್ತಡ, ಸಕ್ಕರೆಗಳ ಜೊತೆಗೇ ಬದುಕಿಡೀ ನಡೆಯುವಂಥದ್ದು. ಶಿಬಿರ ಕಲಿಸಿದ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಲೇಸರ್ ಕೋಣೆ ಕತ್ತಲು. ಗದ್ದ ಊರಿ ಕುಳಿತ ಕಣ್ಣಿಗೆ ಹಸಿರು ಮಿಂಚು ಚಿಟಿಚಿಟಿ ಬೀಳುತ್ತದೆ. ಪಡದೆಯ ಅಂಚಿನ ಸುತ್ತ ಸಾವಿರಕ್ಕೂ ಹೆಚ್ಚು ಸಣ್ಣ ಸುಟ್ಟ ಗುರುತು. ಅಂಚಿನ ಆಮ್ಲಜನಕದ ಹಸಿವು ತಗ್ಗಿದರೆ ನಡುವಿನ ನೋಟ ಉಳಿಯುತ್ತದೆ. ಬೆಳಕಿನಿಂದ ಪಡದೆ ಸುಡುವ ಉಪಾಯ ಹೊಳೆದದ್ದು ಜರ್ಮನಿಯ ಗೆರ್ಡ್ ಮೆಯರ್-ಶ್ವಿಕೆರಾಟ್‌ಗೆ, 1945ರ ಸೂರ್ಯಗ್ರಹಣ ನೋಡಿ ಕಣ್ಣು ಸುಟ್ಟುಕೊಂಡವರನ್ನು ಪರೀಕ್ಷಿಸಿದಾಗ. ಅದು ನಿಜಕ್ಕೂ ಕಣ್ಣು ಉಳಿಸುತ್ತದೆಯೇ ಎಂಬುದನ್ನು ತೀರ್ಮಾನಿಸಿದ್ದು ಅಮೆರಿಕದಲ್ಲಿ 1970ರ ದಶಕದಲ್ಲಿ ನಡೆದ ಡಯಾಬಿಟಿಕ್ ರೆಟಿನೋಪತಿ ಸ್ಟಡಿ. 1,700ಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. ಪ್ರತಿಯೊಬ್ಬರ ಒಂದು ಕಣ್ಣಿಗೆ ಬೆಳಕಿನ ಚಿಕಿತ್ಸೆ ಕೊಟ್ಟು, ಇನ್ನೊಂದನ್ನು ಹಾಗೇ ಬಿಟ್ಟು ನೋಡಿದರು. ಯಾವ ಕಣ್ಣಿಗೆ ಎಂಬ ಆಯ್ಕೆ ವೈದ್ಯರ ಕೈಯಲ್ಲಿರಲಿಲ್ಲ, ಆಕಸ್ಮಿಕಕ್ಕೆ ಬಿಟ್ಟದ್ದು. 1976ರ ಹೊತ್ತಿಗೆ ಅಂತರ ಸ್ಪಷ್ಟವಾಗಿತ್ತು: ತೀವ್ರವಾಗಿ ದೃಷ್ಟಿ ಕಳೆದುಕೊಳ್ಳುವ ಅಪಾಯ ಚಿಕಿತ್ಸೆ ಪಡೆದ ಕಣ್ಣಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಇನ್ನು ಕಾಯುವುದು ಸರಿಯಲ್ಲವೆಂದು ಸಂಶೋಧಕರು ನಿಯಮ ಬದಲಿಸಿ, ಹಾಗೇ ಬಿಟ್ಟಿದ್ದ ಕಣ್ಣುಗಳಲ್ಲಿ ಅಪಾಯ ಹೆಚ್ಚಿದ್ದವಕ್ಕೂ ಚಿಕಿತ್ಸೆಗೆ ಅವಕಾಶ ಕೊಟ್ಟರು. ತಮ್ಮ ಒಂದೊಂದು ಕಣ್ಣನ್ನು ಪ್ರಶ್ನೆಗೆ ಒಡ್ಡಿದ ಆ ರೋಗಿಗಳ ಋಣ ಬೆಳಗಾವಿಯ ಈ ಕತ್ತಲ ಕೋಣೆಯಲ್ಲೂ ಇದೆ.

ಈಗ ಇಂಜೆಕ್ಷನ್ ಬಂದಿದೆ. ಕಣ್ಣಿನ ಬಿಳಿಭಾಗದಿಂದ ಒಳಗಿನ ಲೋಳೆಗೆ ಒಂದು ಹನಿ ಔಷಧ. ಬಾವು ಇಳಿಯುತ್ತದೆ, ಹೊಸ ನಾಳ ಬಾಡುತ್ತದೆ. 2015ರಲ್ಲಿ ಪ್ರಕಟವಾದ ಪ್ರೋಟೋಕಾಲ್ ಎಸ್ ಎಂಬ ಅಮೆರಿಕದ ಅಧ್ಯಯನ 305 ಜನರ 394 ಕಣ್ಣುಗಳಲ್ಲಿ ಲೇಸರ್ ಮತ್ತು ರಾನಿಬಿಜುಮ್ಯಾಬ್ ಇಂಜೆಕ್ಷನ್ನನ್ನು ಹೋಲಿಸಿತು. ಎರಡು ವರ್ಷದ ದೃಷ್ಟಿಯಲ್ಲಿ ಇಂಜೆಕ್ಷನ್ ಹಿಂದೆ ಬೀಳಲಿಲ್ಲ, ಪಕ್ಕದ ನೋಟ ಹೆಚ್ಚು ಉಳಿಯಿತು. ಹಾಗಾದರೆ ಲೇಸರ್ ಏಕೆ ಎಂದು ಕೇಳಬಹುದು. ನನಗೆ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಅಂಕಿ: ಐದನೆಯ ವರ್ಷದ ತಪಾಸಣೆಗೆ, ಬದುಕಿದ್ದವರಲ್ಲೇ ಸುಮಾರು ಮೂರನೇ ಒಂದು ಭಾಗ ಬಂದಿರಲಿಲ್ಲ. ರೋಗಿಗಳ ಮೇಲೆ ಅಷ್ಟು ನಿಗಾ ಇಟ್ಟು ನಡೆಸಿದ ಅಧ್ಯಯನದ ಸ್ಥಿತಿ ಇದು. ಬಾರದೆ ಹೋದವರ ಗತಿ ಏನಾಯಿತು? ಫಿಲಡೆಲ್ಫಿಯಾದ ವೈದ್ಯರು 2019ರಲ್ಲಿ ಅದನ್ನು ಹುಡುಕಿದರು. ಚಿಕಿತ್ಸೆಯ ನಡುವೆ ಆರು ತಿಂಗಳಿಗಿಂತ ಹೆಚ್ಚು ಕಾಲ ಕಾಣೆಯಾಗಿ ಮರಳಿದವರ 76 ಕಣ್ಣು. ಇಂಜೆಕ್ಷನ್ ಮಾತ್ರ ಪಡೆದಿದ್ದವರಲ್ಲಿ 10 ಕಣ್ಣುಗಳ ಪಡದೆ ಎಳೆತಕ್ಕೆ ಸಿಕ್ಕಿ ಕಳಚಿತ್ತು. ಲೇಸರ್ ಪಡೆದಿದ್ದವರಲ್ಲಿ ಒಂದೇ ಒಂದು. ಲೇಸರ್ ಒಮ್ಮೆ ಮಾಡಿದ ಕೆಲಸ ಹಾಗೇ ಉಳಿಯುತ್ತದೆ. ಇಂಜೆಕ್ಷನ್ನಿನ ಶಕ್ತಿ ವಾರಗಳಲ್ಲಿ ಕರಗುತ್ತದೆ.

ಬಾರದಿರುವುದೆಂದರೆ ಏನೆಂದು ಖಾನಾಪುರ ತಾಲೂಕಿನ ಕಾಡಂಚಿನವರಿಗೆ ವಿವರಿಸಬೇಕಿಲ್ಲ. ಭೀಮಗಡದ ಅಭಯಾರಣ್ಯದೊಳಗಿನ ಆಮಗಾಂವ, ಗವಾಳಿಯಂಥ ಊರುಗಳಿಗೆ ಮಳೆಗಾಲದಲ್ಲಿ ಹಾದಿಯೇ ಇರುವುದಿಲ್ಲ. ಹಳ್ಳ ತುಂಬಿದರೆ ಜ್ವರ ಬಂದವರನ್ನೂ ಹೊತ್ತೇ ತರಬೇಕು. ನೋವಿಲ್ಲದ ಕಣ್ಣಿಗೆ ಯಾರು ಬರುತ್ತಾರೆ? ಪೇಟೆಯ ಹಮಾಲನದು ಇನ್ನೊಂದು ಕಷ್ಟ. ಕಳಚಿದ ಪಡದೆಯನ್ನು ಕೂರಿಸಲು ಕಣ್ಣಿನೊಳಗೆ ಅನಿಲ ತುಂಬುತ್ತಾರೆ. ಆಮೇಲೆ ಹಲವು ದಿನ ಮುಖ ಕೆಳಗೆ ಮಾಡಿಯೇ ಇರಬೇಕಾಗಬಹುದು, ಭಾರ ಎತ್ತುವಂತಿಲ್ಲ, ಧೂಳಿಗೆ ಹೋಗುವಂತಿಲ್ಲ. ಅನಿಲ ಕರಗುವವರೆಗೆ ವಿಮಾನ ನಿಷಿದ್ಧ. ಎತ್ತರಕ್ಕೆ ಹೋದಂತೆ ಅದು ಹಿಗ್ಗಿ ಕಣ್ಣಿನ ಒತ್ತಡ ಏರಿಸುವುದರಿಂದ, ಗೋವಾಕ್ಕೆ ದುಡಿಯಲು ಹೋಗಿ ಘಟ್ಟ ಹತ್ತಿ ಮರಳುವವರೂ ಡಾಕ್ಟರನ್ನು ಕೇಳದೆ ಹೊರಡಬಾರದು. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಇಷ್ಟು ದಿನದ ಬಿಡುವು ಎಲ್ಲಿಂದ? ಹತ್ತು ದಿನಕ್ಕೇ ಅವನು ಲಾರಿಯ ಬಳಿ ನಿಂತರೆ ಅವನಿಗೆ ಹಟಮಾರಿ ಎನ್ನುವ ಮನಸ್ಸು ನನಗಿಲ್ಲ.

ಇಂಥ ಪ್ರಶ್ನೆಗಳನ್ನು ಇಲ್ಲಿನ ನೆಲದಲ್ಲೇ ಕೇಳಿ ಉತ್ತರ ಪಡೆದ ಚರಿತ್ರೆ ಈ ಜಿಲ್ಲೆಗಿದೆ. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ದಾದಿಯರ ಕೈಯಿಂದಲೇ, 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಸಿದರು. ಹೆರಿಗೆಯಾದ ಕೂಡಲೇ ನುಂಗುವ ಮಿಸೊಪ್ರೊಸ್ಟೋಲ್ ಮಾತ್ರೆ ಅತಿ ರಕ್ತಸ್ರಾವವಾದವರ ಪ್ರಮಾಣವನ್ನು ಶೇ. 12ರಿಂದ 6.4ಕ್ಕೆ ಇಳಿಸಿತು. 2006ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗೆ ಆ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಾಕ್ಟರಿಲ್ಲದ, ಫ್ರಿಜ್ ಇಲ್ಲದ ಹಳ್ಳಿಯನ್ನು ಕೊರತೆಯೆಂದು ಬದಿಗಿಡದೆ ಅದನ್ನೇ ಅಧ್ಯಯನದ ಅಂಗಳ ಮಾಡಿಕೊಂಡದ್ದು ಅದರ ಹೆಚ್ಚುಗಾರಿಕೆ. ಪಡದೆಯ ರೋಗಕ್ಕೂ ನಮಗೆ ಬೇಕಿರುವುದು ಈ ಬಗೆಯ ಸಂಶೋಧನೆ. ಯಾವ ಔಷಧ ಎರಡಕ್ಷರ ಹೆಚ್ಚು ಓದಿಸುತ್ತದೆ ಎಂಬುದನ್ನು ಫಿಲಡೆಲ್ಫಿಯಾ ಹೇಳಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬರಲಾಗದ ಕಣ್ಣಿಗೆ ಏನು ಮಾಡಿಟ್ಟರೆ ಉಳಿಯುತ್ತದೆ ಎಂಬುದನ್ನು ಖಾನಾಪುರವೇ ಹೇಳಬೇಕು.

ತಪಾಸಣಾ ಕೋಣೆಯಲ್ಲಿ ಕಣಕುಂಬಿ ಕಡೆಯ ಆಯಿಯೊಬ್ಬರು ಕುಳಿತಿದ್ದಾರೆ, ಪಕ್ಕದಲ್ಲಿ ಮಗ. ಎರಡೂ ಕಣ್ಣಿನಲ್ಲಿ ಹೊಸ ನಾಳ. ಡಾಕ್ಟರು ಚೀಟಿ ಬರೆಯುವ ಮೊದಲು ಕೇಳುತ್ತಾರೆ: "ಆಯಿ, ಮಳಿಗಾಲದಾಗ ನಿಮ್ಮೂರಿಗೆ ಬಸ್ ಬರತೈತೇನ್ರಿ?"

"ಹೊಳಿ ತುಂಬಿದರ ಇಲ್ರಿ ಸಾಹೇಬ್ರ."

"ಹಂಗಾದರ ಮಿರಗ ಕೂಡೂದರೊಳಗ ಎರಡೂ ಕಣ್ಣಿಗೆ ಲೇಸರ್ ಮುಗಸೂಣು. ರಾತ್ರಿ ಸ್ವಲ್ಪ ಮಂದ ಕಾಣಸತೈತಿ, ಬ್ಯಾಟ್ರಿ ಹಿಡೀಲಾರದ ಹೊರಗ ಹೋಗಬ್ಯಾಡ್ರಿ. ಇವತ್ತ ಬಲಗಣ್ಣ, ಮುಂದಿನ ಮಂಗಳವಾರ ಎಡಗಣ್ಣ."

ಮಗ ಲೆಕ್ಕ ಹಾಕುತ್ತಾನೆ. ಮಂಗಳವಾರ ಬಿತ್ತನೆಯ ಬೀಜಕ್ಕೆ ಹೇಗೂ ಬೆಳಗಾವಿಗೆ ಬರಬೇಕು. ಬರುತ್ತೇವೆ ಎನ್ನುತ್ತಾನೆ.