ಬಸಿದ ನೀರಿನಲ್ಲಿ ಊಟದ ಶಾಸ್ತ್ರ

ಮಂಡ್ಯ ಸೀಮೆಯ ಅಡುಗೆಮನೆಗಳಲ್ಲಿ ಕಾಣುವ ಕೆಲಸವೊಂದಿದೆ. ಹುರುಳಿಕಾಳನ್ನೋ ಅಲಸಂದೆಯನ್ನೋ ಬೇಯಲಿಟ್ಟು, ಅದು ಮುಕ್ಕಾಲು ಪಾಲು ಬೆಂದಾಗ ದಂಟಿನ ಸೊಪ್ಪನ್ನು ಹೆಚ್ಚಿ ಹಾಕುತ್ತಾರೆ. ಕಾಳು ಬೆಂದಿರಬೇಕು, ಆದರೆ ಕರಗಿರಬಾರದು. ಹದ ನೋಡಿ ಪಾತ್ರೆ ಇಳಿಸಿ, ಬಾಯಿಗೆ ತಟ್ಟೆ ಅಡ್ಡ ಹಿಡಿದು, ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಾರೆ. ಬೇರೆ ಕಡೆ ಚೆಲ್ಲಿಹೋಗಬಹುದಾದ ಆ ನೀರೇ ಇಲ್ಲಿ ಊಟದ ಜೀವಾಳ. ಬೆಂದ ಕಾಳು-ಸೊಪ್ಪಿನಲ್ಲಿ ಒಂದು ಹಿಡಿ ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಕಾಯಿತುರಿ, ಹುಣಸೆಹಣ್ಣಿನೊಡನೆ ರುಬ್ಬಿ, ಬಸಿದ ನೀರಿಗೆ ಕದಡಿ ಕುದಿಸಿದರೆ ಅದು ಬಸ್ಸಾರು. ಉಳಿದ ಕಾಳು-ಸೊಪ್ಪಿಗೆ ಸಾಸಿವೆಯ ಒಗ್ಗರಣೆ ಬಿದ್ದರೆ ಅದು ಪಲ್ಯ. ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಪದಾರ್ಥವಾಗಿ, ಬಿಸಿ ಮುದ್ದೆಯ ಜೊತೆಗೆ ತಟ್ಟೆಗೆ ಬರುತ್ತದೆ.

ಇದನ್ನು ಯಾರೂ ಶಾಸ್ತ್ರ ಎಂದು ಕರೆಯುವುದಿಲ್ಲ. ‘ಏನಿಲ್ಲ, ಬರೀ ಹಿಟ್ಟು, ಬಸ್ಸಾರು ಅಷ್ಟೇ’ ಎಂದು ನೆಂಟರ ಮುಂದೆ ಮನೆಯವರು ಸಂಕೋಚಪಡುವುದೇ ಹೆಚ್ಚು. ಆದರೆ ಕಡಲಾಚೆಯ ಫ್ರಾನ್ಸ್‌ನಲ್ಲಿ ಊಟದ ಕುರಿತ ಇಂಥ ತಿಳಿವಳಿಕೆಗೆ ಎರಡು ಶತಮಾನಗಳಿಂದ ಒಂದು ದೊಡ್ಡ ಹೆಸರಿದೆ. ಅದೇ ಗ್ಯಾಸ್ಟ್ರಾನಮಿ.

ನ್ಯಾಯಾಧೀಶರ ಊಟದ ಗ್ರಂಥ

ಈ ಪದದ ಮೂಲ ಗ್ರೀಕ್ ಭಾಷೆ. ‘ಗಾಸ್ಟರ್’ ಎಂದರೆ ಹೊಟ್ಟೆ, ‘ನೊಮೊಸ್’ ಎಂದರೆ ನಿಯಮ. ಹೊಟ್ಟೆಯ ನಿಯಮ ಎಂದು ಅರ್ಥ ಹೇಳಬಹುದು. ಪ್ರಾಚೀನವಾದ ಈ ಪದಕ್ಕೆ ಆಧುನಿಕ ಕಾಲದಲ್ಲಿ ಮತ್ತೆ ಚಲಾವಣೆ ಕೊಟ್ಟವನು ಫ್ರೆಂಚ್ ಕವಿ ಜೋಸೆಫ್ ಬೆರ್ಶೂ; 1801ರಲ್ಲಿ ಅವನು ಬರೆದ ಕವನದ ಹೆಸರೇ ಅದು. ಪದಕ್ಕೆ ಗಾಂಭೀರ್ಯ ತಂದುಕೊಟ್ಟವರು ಬ್ರಿಯಾ-ಸವಾರಾಂ. ವೃತ್ತಿಯಿಂದ ನ್ಯಾಯಾಧೀಶರು. ಮಹಾಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿ, ಪಿಟೀಲು ನುಡಿಸಿ, ಫ್ರೆಂಚ್ ಪಾಠ ಹೇಳಿ ಬದುಕಿದ್ದವರು. ರುಚಿಯ ಕುರಿತು ಅವರು ಬರೆದ ಗ್ರಂಥ 1825ರ ಡಿಸೆಂಬರ್‌ನಲ್ಲಿ ಲೇಖಕರ ಹೆಸರಿಲ್ಲದೆ ಹೊರಬಂತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರು ತೀರಿಕೊಂಡರು.

ಗ್ಯಾಸ್ಟ್ರಾನಮಿ ಎಂದರೆ ಶ್ರೀಮಂತರ ಭೋಜನ, ಬೆಳ್ಳಿ ತಟ್ಟೆ, ದುಬಾರಿ ದ್ರಾಕ್ಷಾರಸ ಎಂಬ ಕಲ್ಪನೆ ಸಾಮಾನ್ಯವಾಗಿದೆ. ಬ್ರಿಯಾ-ಸವಾರಾಂ ಅವರ ಮಾತಿನ ತಿರುಳು ಬೇರೆ. ಮನುಷ್ಯ ತನ್ನನ್ನು ಪೋಷಿಸಿಕೊಳ್ಳುವುದಕ್ಕೆ ಸಂಬಂಧಪಟ್ಟ ಎಲ್ಲದರ ವಿಚಾರಪೂರ್ವಕ ತಿಳಿವಳಿಕೆಯೇ ಅವರ ಪ್ರಕಾರ ಗ್ಯಾಸ್ಟ್ರಾನಮಿ. ಬೆಳೆಯುವ ರೈತ, ಮೀನು ಹಿಡಿಯುವವನು, ಬೇಟೆಗಾರ, ಅಡುಗೆಯವನು ಎಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ಹೊಟ್ಟೆಬಾಕತನಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವರು ಒತ್ತಿ ಹೇಳಿದ್ದರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಕನ್ನಡ ಗಾದೆಯಲ್ಲಿ ಬರುವ ‘ಬಲ್ಲವನು’ ಎಂಬ ಪದ ಇದೇ ಅರ್ಥಕ್ಕೆ ಬಲು ಹತ್ತಿರದ್ದು. ಹೆಚ್ಚು ತಿನ್ನುವವನಲ್ಲ, ದುಬಾರಿಯದನ್ನು ತಿನ್ನುವವನಲ್ಲ, ಊಟವನ್ನು ಬಲ್ಲವನು.

2010ರ ನವೆಂಬರ್‌ನಲ್ಲಿ ಯುನೆಸ್ಕೊ ಫ್ರೆಂಚರ ಭೋಜನ ಪದ್ಧತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಂದದ್ದು ಯಾವುದೇ ಒಂದು ತಿನಿಸಿಗಲ್ಲ, ಹೋಟೆಲಿಗೂ ಅಲ್ಲ. ಹುಟ್ಟುಹಬ್ಬ, ಮದುವೆಗಳಂಥ ಸಂದರ್ಭದಲ್ಲಿ ಬಂಧುಗಳು ಒಟ್ಟಿಗೆ ಕುಳಿತು, ಒಂದು ಕ್ರಮದಲ್ಲಿ, ಮಾತನಾಡುತ್ತ ಉಣ್ಣುವ ರೂಢಿಗೆ. ಬೀಗರೂಟದ ಪಂಕ್ತಿಯಲ್ಲಿ ಕುಳಿತು ಎದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಲೆಯ ಮೇಲಿನ ಮಡಕೆ

ಫ್ರೆಂಚ್ ಮನೆಯಡುಗೆಯ ಹೆಗ್ಗುರುತು ಎನಿಸಿದ ಪದಾರ್ಥ ‘ಪೊ-ತೊ-ಫ’. ‘ಒಲೆಯ ಮೇಲಿನ ಮಡಕೆ’ ಎಂದು ಅದರ ಅರ್ಥ. ಕಡಿಮೆ ಬೆಲೆಯ ಗಡುಸು ಮಾಂಸ, ಮೂಳೆ, ಗಜ್ಜರಿ, ಈರುಳ್ಳಿ, ಗೆಡ್ಡೆಗಳನ್ನು ನೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಿಸುತ್ತಾರೆ. ಬಡಿಸುವಾಗ ಮೊದಲು ಬರುವುದು ಸೋಸಿದ ತಿಳಿ ಸಾರು. ಆಮೇಲೆ ಬೇರೆ ತಟ್ಟೆಯಲ್ಲಿ ಮಾಂಸ ಮತ್ತು ತರಕಾರಿ, ಪಕ್ಕದಲ್ಲಿ ಹರಳುಪ್ಪು ಮತ್ತು ಅರೆದ ಸಾಸಿವೆ. ಮಾಂಸ ಉಳಿದರೆ ಮರುದಿನ ಅದನ್ನು ಕೊಚ್ಚಿ, ಮೇಲೆ ಬೇಯಿಸಿ ಹಿಸುಕಿದ ಆಲೂಗಡ್ಡೆ ಹರಡಿ ಒಲೆಗಿಡುತ್ತಾರೆ.

ಬಸ್ಸಾರಿಗೂ ಇದಕ್ಕೂ ರುಚಿಯಲ್ಲಿ ಹೋಲಿಕೆ ಇಲ್ಲ. ಆದರೆ ಹಿಂದಿರುವ ಯೋಚನೆ ಒಂದೇ. ಬೆಂದ ಪದಾರ್ಥದ ಸತ್ವ ನೀರಿಗೆ ಇಳಿದಿರುತ್ತದೆ; ಆ ನೀರನ್ನು ಉಳಿಸಿಕೊಂಡು ಒಂದು ಅಡುಗೆಯಾಗಿಸಬೇಕು, ಬೆಂದದ್ದನ್ನು ಇನ್ನೊಂದಾಗಿಸಬೇಕು. ಮಂಡ್ಯ ಸೀಮೆ ಈ ಉಪಾಯವನ್ನು ಹಬ್ಬದ ಊಟದಲ್ಲೂ ಬಿಟ್ಟಿಲ್ಲ. ಯುಗಾದಿಯ ದಿನ ಒಬ್ಬಟ್ಟಿನ ಹೂರಣಕ್ಕೆ ಬೇಳೆ ಬೇಯಿಸಿ ಬಸಿದ ಕಟ್ಟಿನಿಂದಲೇ ಒಬ್ಬಟ್ಟಿನ ಸಾರು. ಉಪ್ಪುಸಾರಿನಲ್ಲಿ ಈ ಜಾಣ್ಮೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಬಸಿದ ನೀರಿಗೆ ಮಸಾಲೆಯೇ ಇಲ್ಲ, ಉಪ್ಪು ಮಾತ್ರ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು ಸೇರಿಸಿ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಡುತ್ತಾರೆ. ಎಷ್ಟು ಕಲಸಿಕೊಳ್ಳಬೇಕು ಎಂಬುದು ಉಣ್ಣುವವರ ನಾಲಿಗೆಗೆ ಬಿಟ್ಟದ್ದು. ಫ್ರೆಂಚರು ಸಾಸಿವೆ ಇಟ್ಟುಕೊಳ್ಳುವ ಜಾಗದಲ್ಲಿ ಇಲ್ಲಿ ಖಾರ ಕುಳಿತಿದೆ.

ಇನ್ನೊಂದು ಸ್ವಾರಸ್ಯವಿದೆ. ‘ರೆಸ್ಟೋರೆಂಟ್’ ಎಂಬ ಪದ ಮೊದಲು ಅಂಗಡಿಯ ಹೆಸರಾಗಿರಲಿಲ್ಲ, ಒಂದು ಸಾರಿನ ಹೆಸರಾಗಿತ್ತು. ದಣಿದವರಿಗೆ, ಕಾಯಿಲೆಯವರಿಗೆ ಚೈತನ್ಯ ಕೊಡುವ ತಿಳಿ ಸಾರನ್ನು ಫ್ರೆಂಚರು ಹಾಗೆ ಕರೆಯುತ್ತಿದ್ದರು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಮಾರುವ ಮಳಿಗೆಗಳು ತಲೆಯೆತ್ತಿದವು. ಸಾರಿನ ಹೆಸರೇ ಮಳಿಗೆಗೆ ಅಂಟಿಕೊಂಡು ಲೋಕವನ್ನೆಲ್ಲ ಸುತ್ತಿತು.

ಫ್ರಾನ್ಸ್‌ನಲ್ಲಿ ಮನೆಯಡುಗೆ ಪುಸ್ತಕಕ್ಕೂ ಬೇಗ ಬಂತು. ಮೆನೊಂ ಎಂಬ ಲೇಖಕ 1746ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕ ಅರಮನೆಯ ಬಾಣಸಿಗರನ್ನು ಬಿಟ್ಟು ಮಧ್ಯಮ ವರ್ಗದ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರನ್ನು ಉದ್ದೇಶಿಸಿತ್ತು. ಮುಂದೆ, ಮನೆಗೆಲಸದಾಕೆಯಾಗಿ ದುಡಿದಿದ್ದ ಯೂಜೆನಿ ಬ್ರಾಝಿಯೆ 1921ರಲ್ಲಿ ಲಿಯಾನ್ ನಗರದಲ್ಲಿ ಹೋಟೆಲು ತೆರೆದರು. 1933ರಲ್ಲಿ ಆಕೆಯ ಎರಡು ಹೋಟೆಲುಗಳಿಗೂ ಮಿಷೆಲಿನ್ ಮಾರ್ಗದರ್ಶಿ ತಲಾ ಮೂರು ತಾರೆಗಳನ್ನು ಕೊಟ್ಟಿತು. ಅದಕ್ಕಿಂತ ಹೆಚ್ಚಿನ ಮನ್ನಣೆ ಆ ಪುಸ್ತಕದಲ್ಲಿ ಇಲ್ಲ.

ಹೊಲದಿಂದ ತಟ್ಟೆಗೆ

ಕನ್ನಡಕ್ಕೆ ಊಟದ ಗ್ರಂಥಗಳು ಹೊಸತಲ್ಲ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಕೃತಿಯನ್ನೇ ಬರೆದ. ಆದರೆ ಹಿಟ್ಟು-ಬಸ್ಸಾರಿನ ಶಾಸ್ತ್ರ ಉಳಿದು ಬಂದದ್ದು ಗ್ರಂಥದಲ್ಲಲ್ಲ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ, ಕೈಯಿಂದ ಕೈಗೆ. ಅದರ ಮೊದಲ ಪಾಠ ಇದ್ದದ್ದು ಹೊಲದಲ್ಲಿ.

ಮಳೆಯಾಶ್ರಿತ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವುದು ಈ ಭಾಗದ ಹಳೆಯ ಪದ್ಧತಿ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳಿನ ಸಾಲುಗಳು. ಬದುವಿನಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಗಣಿಕೆ, ಗೋಣಿ, ಹೊನಗೊನೆ ಸೊಪ್ಪುಗಳು. ಮುದ್ದೆಗೆ ಹಿಟ್ಟು, ಸಾರಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಪಲ್ಯಕ್ಕೆ ಸೊಪ್ಪು ಎಲ್ಲವೂ ಒಂದೇ ಹೊಲದ್ದು. ಬ್ರಿಯಾ-ಸವಾರಾಂ ರೈತನನ್ನೂ ಗ್ಯಾಸ್ಟ್ರಾನಮಿಯೊಳಗೆ ಸೇರಿಸಿದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಈ ಚಿತ್ರ ಬದಲಾದದ್ದು ಕಾವೇರಿ ನೀರಿನಿಂದ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದ ಹೊತ್ತಿಗೆ ಮುಗಿದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬರಕ್ಕೆ ಹೆದರುತ್ತಿದ್ದ ಸೀಮೆಗೆ ಭತ್ತ, ಕಬ್ಬು, ಕೈಗೆ ಕಾಸು ಬಂದವು. ಅದು ಸಣ್ಣ ಭಾಗ್ಯವಲ್ಲ. ಆದರೆ ನಾಲೆಯ ಬಯಲಿನಲ್ಲಿ ಅಕ್ಕಡಿ ಸಾಲಿಗೆ ಜಾಗವಿಲ್ಲ. ರಾಗಿ ನೀರು ಹತ್ತದ ಎತ್ತರದ ಹೊಲಗಳಿಗೆ ಸರಿಯಿತು. ಅನ್ನ ಉಳ್ಳವರ ಊಟ, ಹಿಟ್ಟು ಇಲ್ಲದವರ ಊಟ ಎಂಬ ಭಾವನೆಯೂ ಬಲಿಯಿತು.

ಈ ಭಾವನೆ ಇಂದಿನದಲ್ಲ. ಅಕ್ಕಿ ಮತ್ತು ರಾಗಿ ತಮ್ಮಲ್ಲಿ ಯಾರು ದೊಡ್ಡವರೆಂದು ಜಗಳವಾಡಿ ಶ್ರೀರಾಮನ ಮುಂದೆ ನಿಂತ ಕಥೆಯನ್ನು ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಹೇಳಿದ್ದಾರೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಸೊರಗಿತು, ರಾಗಿ ಕೆಡದೆ ಉಳಿಯಿತು. ರಾಮ ತನ್ನ ಹೆಸರನ್ನೇ ಅದಕ್ಕೆ ಕೊಟ್ಟ. ಫ್ರಾನ್ಸ್‌ನಲ್ಲಿ ಇಂಥದೇ ಅವಮಾನ ಆಲೂಗಡ್ಡೆಯ ಪಾಲಿಗೆ ಬಂದಿತ್ತು. ದನ-ಹಂದಿಗಳ ಮೇವು ಎನಿಸಿದ್ದ ಅದನ್ನು ಮನುಷ್ಯರ ತಟ್ಟೆಗೆ ತರಲು 18ನೆಯ ಶತಮಾನದಲ್ಲಿ ಪಾರ್ಮಾಂತಿಯೆ ಎಂಬ ಔಷಧ ತಜ್ಞ ಬಹಳ ಶ್ರಮಪಟ್ಟರು. ಕೊಚ್ಚಿದ ಮಾಂಸದ ಮೇಲೆ ಆಲೂಗಡ್ಡೆ ಹರಡುವ ಆ ಮನೆಯಡುಗೆಗೆ ಇಂದಿಗೂ ಅವರದೇ ಹೆಸರು. ರಾಗಿಗೂ ಅಂಥ ಒಬ್ಬರು ಮಂಡ್ಯದಲ್ಲೇ ಸಿಕ್ಕರು. ಇಲ್ಲಿನ ವಿ.ಸಿ. ಫಾರಂನಲ್ಲಿ ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದ ವಿಜ್ಞಾನಿಯನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ನಗರದವರಿಗೂ ರಾಗಿಯ ಮೇಲೆ ಗೌರವ ಹುಟ್ಟಿದೆ. ಆದರೆ ರಾಗಿ ಕೊಂಡರೆ ಮುದ್ದೆ ಬಂದಂತಲ್ಲ. ಎಸರು ಯಾವಾಗ ಮರಳಿತು, ಹಿಟ್ಟು ಎಷ್ಟು ಹೊತ್ತು ಬೇಯಬೇಕು, ಗಂಟಾಗದಂತೆ ಕೋಲು ತಿರುವುವುದು ಹೇಗೆ ಎಂಬುದು ಅಳತೆಯ ಲೋಟದಲ್ಲಿ ಸಿಗದ ತಿಳಿವಳಿಕೆ. ಇದಕ್ಕೆ ಕನ್ನಡದಲ್ಲಿ ಇರುವ ಪದ ‘ಹದ’. ಚಳಿಗಾಲದ ಅವರೆಕಾಯಿಗೆ ಇಬ್ಬನಿ ಬಿದ್ದ ಮೇಲೆ ಬರುವ ಕಂಪಿಗೆ ‘ಸೊಗಡು’ ಎಂಬ ಪದವಿದೆ. ನೆಲ-ಹವೆಗಳ ಗುಣ ರುಚಿಯಲ್ಲಿ ಇಳಿಯುತ್ತದೆ ಎಂದು ಫ್ರೆಂಚರು ಹೇಳುವುದನ್ನು ಇಲ್ಲಿನ ರೈತ ಸೊಗಡು ಎಂಬ ಒಂದೇ ಮಾತಿನಲ್ಲಿ ಹೇಳುತ್ತಾನೆ.

ವಡೆಗೆ ಸಿಕ್ಕಿದ್ದು, ಸಾರಿಗೆ ಸಿಗದ್ದು

ಈ ಸೀಮೆಯ ಹೆಸರನ್ನು ಹೊತ್ತು ಊರೂರು ತಿರುಗಿದ ತಿನಿಸು ಮದ್ದೂರು ವಡೆ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು, ರೈಲು ಬೇಗ ಬಂದಾಗ ಅವಸರಕ್ಕೆ ಹಿಟ್ಟನ್ನು ತಟ್ಟಿ ಕರಿದು ಕೊಟ್ಟದ್ದೇ ಅದರ ಮೂಲ ಎಂಬ ಕಥೆ ಪ್ರಚಾರದಲ್ಲಿದೆ. ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿಯ ಈ ವಡೆ ಬೇಗ ಕೆಡುವುದಿಲ್ಲ. ಪ್ರಯಾಣಿಕರ ಕೈಗೆ ಹೇಳಿ ಮಾಡಿಸಿದ್ದು. ಮೊದಲು ರೈಲು, ಆಮೇಲೆ ಬೆಂಗಳೂರು-ಮೈಸೂರು ರಸ್ತೆ ಅದನ್ನು ಸಾಕಿದವು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಆದರೂ ವಡೆಗೆ ಆತಂಕವಿಲ್ಲ. ಅದಕ್ಕೆ ಹೆಸರಿದೆ, ಕಥೆಯಿದೆ, ಮಾರುಕಟ್ಟೆಯಿದೆ. ಒಂದು ರಸ್ತೆ ತಪ್ಪಿದರೆ ಇನ್ನೊಂದು ರಸ್ತೆಯ ಬದಿಗೆ ಹೋದೀತು.

ಬಸ್ಸಾರಿನ ಸ್ಥಿತಿ ಹಾಗಲ್ಲ. ಮುದ್ದೆ ಊಟದ ಹೋಟೆಲುಗಳು ಈಗ ಸಾಕಷ್ಟಿವೆ. ಅಲ್ಲಿ ಬಸ್ಸಾರೂ ಸಿಗುತ್ತದೆ. ಆದರೆ ಮಳವಳ್ಳಿ ಕಡೆಯ ಬೆದ್ದಲು ಹೊಲದ ಬದುವಿನಲ್ಲಿ ಬಗ್ಗಿ, ಯಾವ ಸೊಪ್ಪು ತಿನ್ನಲು ಬರುತ್ತದೆ, ಯಾವುದು ಬಾರದು, ಯಾವುದನ್ನು ಎಷ್ಟು ಬೆರೆಸಿದರೆ ಕಹಿ ಮುಂದಾಗದು ಎಂದು ನೋಡಿ ಮಡಿಲು ತುಂಬಿಸಿಕೊಳ್ಳುವ ವಿದ್ಯೆ ಹೋಟೆಲಿನಲ್ಲಿ ಉಳಿಯುವಂಥದ್ದಲ್ಲ. ಕಳೆನಾಶಕ ಬಿದ್ದ ಬದುವಿನಲ್ಲಿ ಬೆರಕೆ ಸೊಪ್ಪು ಬದುಕದು. ಸೊಪ್ಪು ಹೋದ ಮೇಲೆ ಅದರ ಹೆಸರು ಹೋಗುತ್ತದೆ, ಹೆಸರು ಹೋದ ಮೇಲೆ ಹದ ಬಲ್ಲವರೂ ಇರುವುದಿಲ್ಲ.

ಫ್ರೆಂಚರು ಮನೆಯ ಊಟವನ್ನು ಮಾತಿಗೆ, ಬರಹಕ್ಕೆ, ಕೊನೆಗೆ ವಿಶ್ವಸಂಸ್ಥೆಯ ಪಟ್ಟಿಗೆ ತಂದರು. ಅವರ ಮಡಕೆಯಲ್ಲಿ ಇದ್ದದ್ದೂ ಬಡವರ ಮಾಂಸ, ಹೊಲದ ಗೆಡ್ಡೆ, ಬಸಿದ ಸಾರು. ವ್ಯತ್ಯಾಸವಿದ್ದದ್ದು ಅದನ್ನು ಅವರು ಹೇಳಿಕೊಂಡ ರೀತಿಯಲ್ಲಿ. ಮಂಡ್ಯದ ಮನೆಗಳಲ್ಲಿ ನೆಂಟರ ಮುಂದೆ ‘ಬರೀ ಹಿಟ್ಟು, ಬಸ್ಸಾರು’ ಎನ್ನುವಾಗ ಆ ‘ಬರೀ’ ಎಂಬ ಪದವನ್ನು ಬಿಟ್ಟರೆ ಸಾಕು, ಅರ್ಧ ಕೆಲಸ ಆದಂತೆ. ಇನ್ನರ್ಧ ಕೆಲಸ, ಈ ಬಾರಿ ಮಳೆ ಬಿದ್ದು ಬದು ಹಸಿರಾದಾಗ ಅಜ್ಜಿಯ ಹಿಂದೆ ಮಕ್ಕಳನ್ನೂ ಸೊಪ್ಪು ಬಿಡಿಸಲು ಕಳಿಸುವುದು.