ರಚ್ಚೆ ಹಿಡಿಯುವ ಮಗು, ಕಲಿಯಬೇಕಾದ ಮನೆ

ಎರಡು, ಮೂರು ವರ್ಷದ ಮಕ್ಕಳು ಹಠ ಮಾಡುವುದು, ನೆಲಕ್ಕೆ ಬಿದ್ದು ಹೊರಳಾಡುವುದು, ಕೈಗೆ ಸಿಕ್ಕಿದ್ದನ್ನು ಎಸೆಯುವುದು ಬೆಳವಣಿಗೆಯ ಭಾಗ. ಏನು ಬೇಕೆಂದು ಆ ವಯಸ್ಸಿಗೆ ಚೆನ್ನಾಗಿ ಗೊತ್ತಿರುತ್ತದೆ. ಹೇಳಲು ಮಾತು ಸಾಲದು, ಸಿಟ್ಟನ್ನು ತಡೆದುಕೊಳ್ಳುವ ಶಕ್ತಿಯೂ ಬಂದಿರುವುದಿಲ್ಲ. ಮಾತು ಬಲಿತಂತೆ, ನಾಲ್ಕು ದಾಟುವಷ್ಟರಲ್ಲಿ, ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ದಿನಕ್ಕೆ ಹಲವು ಸಲ ರಚ್ಚೆ, ಕಚ್ಚುವುದು, ಒದೆಯುವುದು, ಹೇಳಿದ್ದಕ್ಕೆಲ್ಲ ತಿರುಗಿ ಬೀಳುವುದು ಆರು ತಿಂಗಳು ಮೀರಿ ನಡೆದು, ಮನೆಯಲ್ಲೂ ಅಂಗನವಾಡಿಯಲ್ಲೂ ಕಂಡುಬಂದರೆ ಮಕ್ಕಳ ಮನೋವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಆಗ ಕೊಡುವ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಗುವಿಗೆ ಹೇಳುವ ಬುದ್ಧಿಮಾತೂ ಅಲ್ಲ. ತಂದೆತಾಯಿಗೆ ಕೊಡುವ ತರಬೇತಿ.

ಇದಕ್ಕೆ ಕಾರಣ ಮನೆಯ ದಿನಚರಿಯಲ್ಲೇ ಸಿಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಕರಟ ಒಡೆದು ಉಂಡೆ ಕೊಬ್ಬರಿ ತೆಗೆಯುವ ದಿನ ಎಲ್ಲರ ಕೈಗೂ ಕೆಲಸ. ಅಂಗಳದಲ್ಲಿ ಮಚ್ಚು, ಮೊನೆ. ಮೂರು ವರ್ಷದ ಮಗು ಮೂಲೆಯಲ್ಲಿ ಕರಟ ಜೋಡಿಸಿಕೊಂಡು ಆಡುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಮಚ್ಚಿನ ಕಡೆ ಓಡಿದರೆ ನಾಲ್ಕು ಜನ ಒಟ್ಟಿಗೆ ಕೂಗುತ್ತಾರೆ. ಮಗು ಮೊಬೈಲ್ ಕೇಳುತ್ತದೆ, ಅಮ್ಮ ಕೊಡಲ್ಲ ಅನ್ನುತ್ತಾಳೆ. ಅಳುತ್ತದೆ, ಗದರುತ್ತಾಳೆ. ನೆಲಕ್ಕೆ ಬಿದ್ದು ಕಿರುಚಿದಾಗ ಅಜ್ಜಿ "ಪಾಪ, ಕೊಟ್ಟುಬಿಡೇ" ಅನ್ನುತ್ತಾಳೆ. ಮೊಬೈಲ್ ಕೈಗೆ ಬರುತ್ತದೆ, ಮನೆ ತಣ್ಣಗಾಗುತ್ತದೆ. ಅತ್ತರೆ ಸಾಲದು, ಕಿರುಚಬೇಕು ಎಂದು ಮಗು ಕಲಿಯಿತು. ಕೊಟ್ಟುಬಿಟ್ಟರೆ ಸದ್ದಡಗುತ್ತದೆ ಎಂದು ದೊಡ್ಡವರು ಕಲಿತರು. ಇಬ್ಬರಿಗೂ ಆ ಗಳಿಗೆಗೆ ನೆಮ್ಮದಿ ಸಿಕ್ಕಿದ್ದರಿಂದ ನಾಳೆಯೂ ಅದೇ ನಡೆಯುತ್ತದೆ, ಇನ್ನಷ್ಟು ಜೋರಾಗಿ.

ಈ ಸರಪಳಿಯನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮುಖ್ಯರು. ಅವರ ತಂಡ ಮನೆಗಳಿಗೇ ಹೋಗಿ, ಯಾರು ಏನು ಅಂದರು, ಅದಕ್ಕೆ ಮಗು ಏನು ಮಾಡಿತು ಎಂದು ಬರೆದಿಟ್ಟುಕೊಂಡಿತು. 1982ರ ಪುಸ್ತಕದಲ್ಲಿ ಅವರು ಇದನ್ನು ವಿವರವಾಗಿ ಮಂಡಿಸಿದರು. ಅದೇ ರಾಜ್ಯದ ಕಾನ್‌ಸ್ಟೆನ್ಸ್ ಹಾನ್ಫ್ 1960ರ ದಶಕದಲ್ಲೇ ತಾಯಂದಿರಿಗೆ ಮಗುವಿನ ಜೊತೆ ಆಡುತ್ತಿರುವಾಗಲೇ ಹೇಳಿಕೊಡುವ ಕ್ರಮ ರೂಪಿಸಿದ್ದರು. ಇಂದು ಬಳಕೆಯಲ್ಲಿರುವ ಹಲವು ತರಬೇತಿಗಳು ಆ ಕ್ರಮದಿಂದ ಬೆಳೆದವು. ಮೊದಲು ಆಟ, ಆಮೇಲೆ ಶಿಸ್ತು ಎಂಬುದು ಹಾನ್ಫ್ ಹಾಕಿಕೊಟ್ಟ ಅನುಕ್ರಮ.

ಆಟವೆಂದರೆ ದಿನಕ್ಕೆ ಐದು, ಹತ್ತು ನಿಮಿಷ ದೊಡ್ಡವರೊಬ್ಬರು ಮಗುವಿನ ಪಕ್ಕ ನೆಲದ ಮೇಲೆ ಕೂರುವುದು. ಆಟದ ಯಜಮಾನಿಕೆ ಮಗುವಿನದು. ಪ್ರಶ್ನೆ ಕೇಳಬಾರದು, ತಿದ್ದಬಾರದು, "ಎ ಬಿ ಸಿ ಹೇಳು" ಎಂದು ಪರೀಕ್ಷೆ ಮಾಡಬಾರದು. ಕರಟದ ಮೇಲೆ ಕರಟ ಇಟ್ಟರೆ "ಓ, ಗೋಪುರ ಕಟ್ತಾ ಇದೀಯ" ಎನ್ನುವುದು, ಅಷ್ಟೇ. ದುಬಾರಿ ಆಟಿಕೆ ಬೇಕಿಲ್ಲ. ತೆಂಗಿನ ಸೀಮೆಯ ಅಂಗಳದಲ್ಲಿ ಕರಟಕ್ಕೂ ಗರಿಗೂ ಕೊರತೆಯಿಲ್ಲ. ಇದರ ಜೊತೆಗೆ ಹೊಗಳಿಕೆ. "ಜಾಣ ಮರಿ" ಎಂಬ ಮಾತಿನಿಂದ ಯಾವುದಕ್ಕೆ ಹೊಗಳಿದರೆಂದು ಮಗುವಿಗೆ ತಿಳಿಯದು. "ತಂಗಿಗೆ ಚೆಂಡು ಕೊಟ್ಟೆಯಲ್ಲ, ಚೆನ್ನಾಗಿತ್ತು" ಎಂದರೆ ತಿಳಿಯುತ್ತದೆ. ಮಕ್ಕಳನ್ನು ಎದುರಿಗೇ ಹೊಗಳಿದರೆ ದೃಷ್ಟಿಯಾಗುತ್ತದೆ, ತಲೆಗೇರುತ್ತದೆ ಎಂದು ಹಿಂಜರಿಯುವ ಹಿರಿಯರಿದ್ದಾರೆ. ಮಗುವನ್ನಲ್ಲ, ಅದು ಮಾಡಿದ ಕೆಲಸವನ್ನು ಮೆಚ್ಚುವುದು ಎಂದು ವಿವರಿಸಿದರೆ ಅವರಿಗೂ ಒಪ್ಪಿಗೆಯಾದೀತು.

ಆಮೇಲಿನದು ಅಪ್ಪಣೆ. ಅಡುಗೆಮನೆಯಿಂದ ಕೂಗಿ ಹೇಳದೆ, ಹತ್ತಿರ ಹೋಗಿ, ಒಂದೇ ಮಾತು, ಸಣ್ಣ ಮಾತು ಹೇಳಬೇಕು. ಗುಮ್ಮ ಬರ್ತಾನೆ, ಪೊಲೀಸ್ ಹಿಡ್ಕೊಂಡು ಹೋಗ್ತಾನೆ, ಸೂಜಿ ಚುಚ್ಚಿಸ್ತೀನಿ ಎಂಬ ಬೆದರಿಕೆಗಳು ನಿಜವಾಗುವುದಿಲ್ಲವಾದ್ದರಿಂದ ಹೇಳಿದವರ ಮಾತಿನ ತೂಕವನ್ನೇ ಇಳಿಸುತ್ತವೆ. ಯಾರಿಗೂ ಪೆಟ್ಟಾಗದ ರಚ್ಚೆಯನ್ನು ಲಕ್ಷಿಸದೆ ಇದ್ದು, ಅದು ನಿಂತ ಕೂಡಲೇ ಮಾತಾಡಿಸಬೇಕು. ಇಲ್ಲಿ ಹೆಚ್ಚಿನ ಮನೆಗಳು ಸೋಲುತ್ತವೆ. ಲಕ್ಷಿಸದ ಮೊದಲ ಕೆಲವು ದಿನ ಕೂಗಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಏಕೆಂದರೆ ಹಿಂದೆ ಫಲಿಸಿದ್ದನ್ನು ಮಗು ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಆ ಹೊತ್ತಿಗೆ ಯಾರಾದರೂ ಕರಗಿ ಕೊಟ್ಟುಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಆದ್ದರಿಂದ ತರಬೇತಿ ತಾಯಿಯೊಬ್ಬಳಿಗೆ ಸಾಲದು. ಅಪ್ಪ, ಅಜ್ಜ, ಅಜ್ಜಿ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಹೊಡೆದರೆ, ಕಚ್ಚಿದರೆ ಮಾತ್ರ ಮೂರು, ನಾಲ್ಕು ನಿಮಿಷ ಆಟದಿಂದ ದೂರ ಕೂರಿಸುವುದು. ಮಚ್ಚು, ಬಾವಿ, ತೊಟ್ಟಿಯ ಹತ್ತಿರ ಹೋದರೆ ಯಾವ ಲೆಕ್ಕವೂ ಇಲ್ಲದೆ ತಕ್ಷಣ ಎತ್ತಿಕೊಳ್ಳಬೇಕು.

ಏಟು ಆ ಕ್ಷಣಕ್ಕೆ ಸುಮ್ಮನಾಗಿಸುತ್ತದೆ. ಆದರೆ ಏಟು ತಿಂದು ಬೆಳೆಯುವ ಮಕ್ಕಳಲ್ಲಿ ಆಕ್ರಮಣಶೀಲತೆ ಕಾಲಕ್ರಮೇಣ ಹೆಚ್ಚುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ತನ್ನ ಮಾರ್ಗಸೂಚಿಯಲ್ಲಿ ಪೋಷಕರ ತರಬೇತಿಯನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿದೆ.

ಎಲ್ಲ ಹಠಕ್ಕೂ ಮನೆಯ ರೂಢಿಯೇ ಕಾರಣವಲ್ಲ. ಕಿವಿ ಕೇಳಿಸದ ಮಗು ಹೇಳಿದ ಮಾತು ಕೇಳದಿರುವುದು ಸಹಜ. ಮಾತು ತಡವಾದ ಮಗು, ಆಟಿಸಂ ಇರುವ ಮಗು, ನಿದ್ದೆ ಸಾಲದ, ರಕ್ತಹೀನತೆಯ ಮಗು ಸಿಡಿಮಿಡಿಗೊಳ್ಳುವುದುಂಟು. ಇವನ್ನು ಮೊದಲು ಪರೀಕ್ಷಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕಾದದ್ದು ಇದಕ್ಕಾಗಿಯೇ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಪೋಷಕರ ತರಬೇತಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತಾರು ಭೇಟಿ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಆದರೆ ತಿಪಟೂರಿನಿಂದ ಸುಮಾರು 140 ಕಿಲೋಮೀಟರ್ ದೂರಕ್ಕೆ ಪ್ರತಿ ವಾರ ಕೂಲಿ ಬಿಟ್ಟು ಹೋಗುವುದು ಆಗದ ಮಾತು. ಈ ವಿದ್ಯೆ ಅಂಗನವಾಡಿಗೇ ಬರಬೇಕು. ಹಾಗೆ ಬರುವುದು ಅಸಾಧ್ಯವೇನಲ್ಲ: ನಿಮ್ಹಾನ್ಸ್ ತುರುವೇಕೆರೆ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಪೀಡಿತರನ್ನು ಗುರುತಿಸಿ ಅಲ್ಲೇ ಚಿಕಿತ್ಸೆ ಕೊಡುವ ಸಮುದಾಯ ಕಾರ್ಯಕ್ರಮವನ್ನು ವರ್ಷಗಳಿಂದ ನಡೆಸಿದೆ. 2014ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ನೆರವಿನೊಂದಿಗೆ ಮಕ್ಕಳ ಮಾನಸಿಕ ಆರೋಗ್ಯದ ಸಮುದಾಯ ಯೋಜನೆಯನ್ನೂ ಕೈಗೆತ್ತಿಕೊಂಡಿತ್ತು. ತಾಯಂದಿರ ಸಭೆ ಕರೆದು ರೂಢಿಯಿರುವ ಅಂಗನವಾಡಿ ಕಾರ್ಯಕರ್ತೆಗೆ ಈ ಪಾಠ ಕಲಿಸಿ, ಅದಕ್ಕೆ ಸಮಯವನ್ನೂ ಗೌರವಧನವನ್ನೂ ಕೊಡುವುದು ಸರ್ಕಾರದ ಹೊಣೆ. ಅಲ್ಲಿಯವರೆಗೆ ಮಗುವಿನ ಹಠದಿಂದ ಸೋತುಹೋದ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.